ಹದಿನಾರು ಸಾಲಿನ ಕನ್ನಡ

ಹುಬ್ಬಳ್ಳಿ ಎಂಬ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಧಾರವಾಡದಲ್ಲಿ ಒಂದೂ ಇಲ್ಲ. ಓದುವವರ ಪಾಲಿಗೆ ಇದು ಗಮನಕ್ಕೇ ಬಾರದ ಸಂಗತಿ. ನನಗೆ ಮಾತ್ರ ಒಂದು ಕಾಲದಲ್ಲಿ ಅದು ರೂಪಾಯಿಯ ಲೆಕ್ಕವಾಗಿತ್ತು. ಕೆಂಪು ಎಲ್‌ಇಡಿ ಚುಕ್ಕೆಗಳಲ್ಲಿ ಅಕ್ಷರ ಓಡಿಸುವ ಬೋರ್ಡುಗಳನ್ನು ತಯಾರಿಸುವ ಸಣ್ಣ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಧಾರವಾಡ ಎಂದು ಬರೆಯಲು 11 ಸಾಲು ಚುಕ್ಕೆ ಸಾಕಾಗುತ್ತಿದ್ದವು. ಹುಬ್ಬಳ್ಳಿಯನ್ನು ಓದಲು ಬರುವಂತೆ ಬರೆಯಬೇಕೆಂದರೆ 16 ಬೇಕು. ಸಾಲು ಹೆಚ್ಚಿದಷ್ಟೂ ದೀಪ ಹೆಚ್ಚು, ದೀಪ ಹೆಚ್ಚಿದಷ್ಟೂ ದರ ಹೆಚ್ಚು. ಆ ಹೆಚ್ಚಿನ ಸಾಲುಗಳಿಗಾಗಿ ಆಗ ವಾದ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ.

ಚುಕ್ಕೆಯ ಅಕ್ಷರಗಳ ಗೀಳು ಹತ್ತಿದ್ದು ಅದಕ್ಕೂ ಮೊದಲು, ತೊಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ. ಧಾರವಾಡದಲ್ಲಿ ಸೋದರಮಾವನ ಮನೆಗೆ ಕ್ಯಾಸೆಟ್ ಹಾಕಿ ಆಡುವ ವಿಡಿಯೊ ಗೇಮ್ ಬಂದಿತ್ತು. ಓಣಿಯ ಹುಡುಗರೆಲ್ಲ ಟಿವಿಯ ಮುಂದೆ. ಹುಡುಗಿಯಾದ ನನ್ನ ಪಾಳಿ ಬರುವುದು ಯಾವಾಗಲೋ, ಅಲ್ಲಿಯವರೆಗೆ ಕೂತು ನೋಡುವುದೇ ಕೆಲಸ. ಉಳಿದವರು ಓಡುವ ಮಾರಿಯೊನನ್ನು ನೋಡುತ್ತಿದ್ದರೆ ನಾನು ಪರದೆಯ ಮೇಲ್ತುದಿಯ ಅಕ್ಷರಗಳನ್ನು ನೋಡುತ್ತಿದ್ದೆ: ಅವನ ಹೆಸರು, ಗಳಿಸಿದ ಅಂಕ, ಉಳಿದ ಸಮಯ. ಗೋಡೆಯ ಇಟ್ಟಿಗೆಗಳ ಹಾಗೆ ಅಕ್ಷರವೂ ಚೌಕದಲ್ಲೇ ಕೂತಿತ್ತು. ಗಣಿತದ ಚೌಕಳಿ ನೋಟ್‌ಬುಕ್ಕಿಗೆ ಅವನ್ನು ಒಂದೊಂದಾಗಿ ಇಳಿಸಿಕೊಂಡೆ. ಇಳಿಸುವಾಗ ಕೈಗೆ ತಿಳಿದ ಸಂಗತಿಯೊಂದಿತ್ತು. ನಿಂತ ಗೆರೆಗಳೆಲ್ಲ ಎರಡು ಚೌಕ ದಪ್ಪ, ಮಲಗಿದ ಗೆರೆಗಳೆಲ್ಲ ಒಂದೇ ಚೌಕ. ಯಾಕೆ ಹಾಗೆ ಎಂದು ಕೇಳಲು ಆಗ ಯಾರೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ತೋಶಿ ಓಮಗಾರಿ ಎಂಬ ಜಪಾನಿ ಅಕ್ಷರ ವಿನ್ಯಾಸಕರು ಹಳೆಯ ಆಟದ ಯಂತ್ರಗಳ ಅಕ್ಷರಗಳನ್ನೆಲ್ಲ ಕಲೆಹಾಕಿ ‘ಆರ್ಕೇಡ್ ಗೇಮ್ ಟೈಪೋಗ್ರಫಿ’ ಎಂಬ ಪುಸ್ತಕ ಬರೆದರು. ಅದು ಬಂದದ್ದು 2019ರಲ್ಲಿ, ನನ್ನ ಉತ್ತರ ಅದರಲ್ಲಿತ್ತು. ಅಮೆರಿಕದ ಅಟಾರಿಯ ಅಂಗಸಂಸ್ಥೆ ಕೀ ಗೇಮ್ಸ್ 1976ರಲ್ಲಿ ‘ಕ್ವಿಜ್ ಷೋ’ ಎಂಬ ಆಟದ ಯಂತ್ರ ತಂದಿತು. ಅದರಲ್ಲಿದ್ದ ಅಕ್ಷರಗಳ ಮಾದರಿಯನ್ನು ಜಪಾನಿನ ನ್ಯಾಮ್ಕೊ ತನ್ನ ಆಟಗಳಿಗೆ ಎತ್ತಿಕೊಂಡಿತು. 1980ರ ‘ಪ್ಯಾಕ್-ಮ್ಯಾನ್’ ಜೊತೆ ಅದು ಲೋಕವನ್ನೆಲ್ಲ ಸುತ್ತಿ, ಮುಂದೆ ಆಟವೆಂದರೆ ಇದೇ ಅಕ್ಷರ ಎಂಬಷ್ಟು ರೂಢಿಯಾಯಿತು. 8 ಸಾಲು, ಸಾಲಿಗೆ 8 ಚುಕ್ಕೆ. ಬಲಕ್ಕೂ ಕೆಳಕ್ಕೂ ಒಂದೊಂದು ಸಾಲು ಖಾಲಿ ಬಿಟ್ಟರೆ ಅಕ್ಷರಕ್ಕೆ ಉಳಿಯುವುದು ಏಳಕ್ಕೆ ಏಳರ ಜಾಗ. ಹಳೆಯ ಟಿವಿ ಪರದೆಯಲ್ಲಿ ಒಂದೇ ಚುಕ್ಕೆ ಅಗಲದ ನಿಂತ ಗೆರೆ ಬಣ್ಣ ಕದಡಿ ಮಸುಕಾಗುತ್ತದೆ, ಎರಡು ಚುಕ್ಕೆ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ನನ್ನ ನೋಟ್‌ಬುಕ್ಕಿನ ದಪ್ಪ ಗೆರೆಗಳಿಗೆ ಕಾರಣ ಅದು. ಇವತ್ತು ಹಳೇ ಆಟದ ಕಳೆ ಬೇಕೆನ್ನುವವರೆಲ್ಲ ಬಳಸುವ ‘ಪ್ರೆಸ್ ಸ್ಟಾರ್ಟ್ 2ಪಿ’ ಫಾಂಟ್ ಕೂಡ ನ್ಯಾಮ್ಕೊ ಅಕ್ಷರಗಳ ಸಂತಾನವೇ.

ಇಂಗ್ಲಿಷಿಗೆ ಇದೆಲ್ಲ ಎಷ್ಟು ಅಗ್ಗ ಎಂಬುದನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಒಂದು ಸಾಲಿನ 8 ಚುಕ್ಕೆಗೆ ಒಂದು ಬೈಟ್. ಅಕ್ಷರಕ್ಕೆ 8 ಬೈಟ್. 26 ಅಕ್ಷರ, 10 ಅಂಕಿ ಸೇರಿದರೆ 288 ಬೈಟಿನಲ್ಲಿ ಇಡೀ ಲಿಪಿ ಮುಗಿಯಿತು. ನಾವು ಆಡುತ್ತಿದ್ದ ಯಂತ್ರಗಳ ಮೂಲ 1983ರ ನಿಂಟೆಂಡೊ ಫ್ಯಾಮಿಕಾಮ್. ಅದರ ಪರದೆ 256ಕ್ಕೆ 240 ಚುಕ್ಕೆ. ಹಿನ್ನೆಲೆಯ ಚಿತ್ರಕ್ಕೆ ಒಂದು ಸಲಕ್ಕೆ 256 ಬಿಲ್ಲೆಗಳ, ಅಂದರೆ ಚಿತ್ರದ ತುಂಡುಗಳ, ಕೋಷ್ಟಕ. ಇಟ್ಟಿಗೆ, ಮೋಡ, ಪೊದೆ, ಅಕ್ಷರ ಎಲ್ಲವೂ ಅದರೊಳಗೇ. ಮಾರಿಯೊ ಆಟದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಅಷ್ಟು ಬಿಗಿ. ನಮ್ಮ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಬರೆದರೆ 442 ರೂಪಗಳು. ಅಕ್ಷರಕ್ಕೊಂದೇ ಬಿಲ್ಲೆ ಅಂದುಕೊಂಡರೂ ಕೋಷ್ಟಕ ಅರ್ಧದಾರಿಯಲ್ಲೇ ತುಂಬಿಹೋಗುತ್ತದೆ. ಒತ್ತುಗಳು ಇನ್ನೂ ಹೊರಗೇ ನಿಂತಿವೆ.

ಜಪಾನಿನವರಿಗೂ ಇದೇ ಇಕ್ಕಟ್ಟು. 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಆಟ ಮಾಡುವಾಗ ಕ್ಯಾಸೆಟ್ಟಿನಲ್ಲಿ ಇದ್ದದ್ದು 64 ಕಿಲೋಬೈಟ್. ಚೀನೀ ಮೂಲದ ಕಾಂಜಿ ಅಕ್ಷರಗಳ ಮಾತೇ ಇಲ್ಲ. ಕಟಕಾನದಲ್ಲೂ ಕೆಲವೇ ಅಕ್ಷರಗಳನ್ನು ಇಟ್ಟುಕೊಂಡು, ರಾಕ್ಷಸರ ಮತ್ತು ಊರುಗಳ ಹೆಸರನ್ನು ಆ ಅಕ್ಷರಗಳಲ್ಲೇ ಕಟ್ಟಿದರು. ಹಿರಗಾನ, ಕಟಕಾನ ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವ ‘ಹೆ’ಯಂಥ ಅಕ್ಷರವನ್ನು ಒಂದೇ ಸಲ ಬರೆದುಕೊಂಡರು. ಉಚ್ಚಾರ ಬದಲಿಸುವ ಎರಡು ಸಣ್ಣ ಗೀಟುಗಳನ್ನು ಅಕ್ಷರದ ಮೇಲಿನ ಬೇರೆ ಸಾಲಿಗೆ ಏರಿಸಿದರು. ಇದನ್ನು ಓದಿದಾಗ ನನಗಾದ ಖುಷಿ ದೊಡ್ಡದು. ಅವರು ಮೇಲಿನ ಸಾಲು ಕೇಳಿ ಪಡೆದರು. ನಾವು ಹುಬ್ಬಳ್ಳಿಯಲ್ಲಿ ಕೆಳಗಿನ ಸಾಲು ಕೇಳುತ್ತಿದ್ದೆವು.

ಡಿಪ್ಲೊಮಾ ಓದುವಾಗ ಪ್ರಯೋಗಾಲಯದಲ್ಲಿ ಎರಡು ಸಾಲಿನ ಎಲ್‌ಸಿಡಿ ಪರದೆ ಇತ್ತು, ಹಿಟಾಚಿಯ ಎಚ್‌ಡಿ 44780 ಚಿಪ್ಪಿನದು. ಪ್ರತಿ ಅಕ್ಷರಕ್ಕೆ ಐದಕ್ಕೆ ಎಂಟು ಚುಕ್ಕೆ. ನಮ್ಮದೇ ಅಕ್ಷರ ಬರೆದು ತುಂಬಲು ಅದರಲ್ಲಿ ಎಂಟೇ ಎಂಟು ಖಾನೆ. ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಎಷ್ಟೋ ಮಂದಿ ಆ ಎಂಟು ಖಾನೆಗಳಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಮೂಡಿಸಲು ಒದ್ದಾಡಿರುತ್ತಾರೆ. ‘ಕನ್ನಡ’ ಎಂದು ಬರೆಯುವಾಗ ನ್ನ ಒಂದು ಖಾನೆಯಲ್ಲಿ ಹಿಡಿಸಲಿಲ್ಲ. ಒತ್ತನ್ನು ಕೆಳಗಿನ ಸಾಲಿನ ಖಾನೆಯಲ್ಲಿ ಇಟ್ಟೆ. ಎರಡು ಸಾಲುಗಳ ನಡುವೆ ಗಾಜಿನ ಖಾಲಿ ಪಟ್ಟಿ ಇತ್ತು. ಅದರ ಆಚೆಗೆ ನಿಂತ ಒತ್ತನ್ನೂ ಗೆಳತಿಯರು ಸರಿಯಾಗಿಯೇ ಓದಿದರು. ನಮ್ಮ ಕಣ್ಣು ಒತ್ತನ್ನು ಕೆಳಗೆ ಹುಡುಕುತ್ತದೆ, ಎಷ್ಟು ದೂರವಿದ್ದರೂ ಹುಡುಕಿ ಜೋಡಿಸಿಕೊಳ್ಳುತ್ತದೆ ಎಂದು ಗೊತ್ತಾಗಿದ್ದು ಅಲ್ಲಿ.

ಓದು ಮುಗಿದ ಮೇಲೆ ಸೇರಿದ್ದು ಹುಬ್ಬಳ್ಳಿಯ ಆ ಬೋರ್ಡ್ ಅಂಗಡಿ. ಹೊರಗಿನಿಂದ ಬರುತ್ತಿದ್ದ ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಸಿದ್ಧವಾಗಿರುತ್ತಿದ್ದವು. ಕನ್ನಡ ಬೇಕೆಂದರೆ ಯಾರಾದರೂ ಕೂತು ಬರೆಯಬೇಕು. ಮಾಲಕರು ಗ್ರಾಫ್ ಹಾಳೆಯ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಪೆನ್ಸಿಲಿನಲ್ಲಿ ಚೌಕ ತುಂಬುವುದು, ಸಾಲು ಸಾಲಾಗಿ ಸೊನ್ನೆ-ಒಂದು ಓದಿ ಹೆಕ್ಸ್ ಅಂಕಿಗೆ ಇಳಿಸುವುದು, ಅದನ್ನು ಈಪ್ರಾಮ್ ಚಿಪ್ಪಿಗೆ ಸುಡುವುದು. ತಿದ್ದಬೇಕೆಂದರೆ ಚಿಪ್ಪಿನ ಗಾಜಿನ ಕಿಂಡಿಯನ್ನು ಅಲ್ಟ್ರಾವಯಲೆಟ್ ದೀಪದ ಕೆಳಗಿಟ್ಟು ಅಳಿಸಿ ಮತ್ತೆ ಸುಡಬೇಕು. ಹದಿನಾರಕ್ಕೆ ಹದಿನಾರರ ಒಂದು ಅಕ್ಷರಕ್ಕೆ 32 ಬೈಟ್. 442 ರೂಪಗಳಿಗೆ 14,144. ಹದಿನಾರು ಕಿಲೋಬೈಟಿನ ಒಂದು ಚಿಪ್ಪು ಹಿಡಿಸುವ ಹಾಗಿತ್ತು. ಚಿಪ್ಪಿನ ದರ ಹೆಚ್ಚೇನಲ್ಲ. ದುಬಾರಿಯಾಗುತ್ತಿದ್ದದ್ದು ದೀಪದ ಸಾಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಡುವ ಬೋರ್ಡಿನಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಉರಿಯುವುದಿಲ್ಲ. ಒಂದು ಗಳಿಗೆ ಒಂದೇ ಸಾಲು. ಅದು ಆರಿ ಮುಂದಿನದು, ಮತ್ತೆ ಮುಂದಿನದು, ಕಣ್ಣಿಗೆ ಗೊತ್ತಾಗದ ವೇಗದಲ್ಲಿ. 8 ಸಾಲಿದ್ದರೆ ಪ್ರತಿ ದೀಪಕ್ಕೆ ಎಂಟರಲ್ಲೊಂದು ಪಾಲು ಹೊತ್ತು ಸಿಗುತ್ತದೆ, 16 ಇದ್ದರೆ ಹದಿನಾರರಲ್ಲೊಂದು. ಅಂದರೆ ಕನ್ನಡದ ಬೋರ್ಡಿಗೆ ದೀಪ ಇಮ್ಮಡಿ, ಬೆಳಕು ಅರ್ಧ. ಆ ಬೆಳಕನ್ನು ಮರಳಿ ಪಡೆಯಲು ಬೋರ್ಡನ್ನು ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡಾಗಿ ಒಡೆದು ಓಡಿಸಬೇಕು. ಆಗ ಅದಕ್ಕೆ ಬೇಕಾದ ಚಿಪ್ಪುಗಳೂ ಇಮ್ಮಡಿ. ಅಂಗಡಿಕಾರರು ದರ ಕೇಳಿ, ಇಂಗ್ಲಿಷ್ ಬೋರ್ಡಿನ ದರವನ್ನೂ ಕೇಳಿ, ಸುಮ್ಮನೆ ಇಂಗ್ಲಿಷಿನದನ್ನೇ ಒಯ್ಯುತ್ತಿದ್ದರು. ಅವರಿಗೆ ಕನ್ನಡದ ಮೇಲೆ ಅಭಿಮಾನ ಇರಲಿಲ್ಲ ಎಂದಲ್ಲ. ಎಂಟು ಸಾಲಿನ ಅಳತೆ ಯಾರದೋ ಲಿಪಿಗೆಂದು ಹುಟ್ಟಿದ್ದು, ಆ ಅಳತೆಯ ಹೊರಗಿದ್ದ ಭಾಷೆ ತನ್ನ ಊರಿನ ಬೀದಿಯಲ್ಲೇ ದುಬಾರಿಯಾಯಿತು. ಅಂಗಡಿಗಳ ಹಣೆಯ ಮೇಲೆ ಕನ್ನಡ ಕಾಣದಾದ ಕಾರಣಗಳನ್ನು ಪಟ್ಟಿ ಮಾಡುವವರು ಇದನ್ನೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

“ಎಂಟು ಸಾಲಿನಾಗ ಕನ್ನಡ ಕೂಡ್ರೂದಿಲ್ಲೇನವಾ?” ಎಂದು ಮಾಲಕರು ಆಗಾಗ ಕೇಳುತ್ತಿದ್ದರು.

“ಕೂಡ್ರತೈತ್ರಿ, ಆದ್ರ ಓದಾಕ ಬರೂದಿಲ್ಲ” ಎನ್ನುತ್ತಿದ್ದೆ.

ಯಾಕೆ ಬರುವುದಿಲ್ಲ ಎಂಬುದಕ್ಕೆ ಅಕ್ಷರಗಳೇ ಸಾಕ್ಷಿ. ರ ಎಂಬುದು ತಲಕಟ್ಟು ಹೊತ್ತ ಒಂದು ಸುತ್ತು. ಅದರ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠ. ಚುಕ್ಕೆ ಸುತ್ತಿಗೆ ಅಂಟದೆ ನಿಲ್ಲಬೇಕಾದರೆ ಗೆರೆ, ಸಂದು, ಚುಕ್ಕೆ, ಸಂದು, ಗೆರೆ ಎಂದು ಕನಿಷ್ಠ ಐದು ಚೌಕ ಬೇಕು; ಅದರಲ್ಲಿ ಒಂದನ್ನು ಕಡಿಮೆ ಮಾಡಿದರೆ ಠ ಒಂದು ಕೆಂಪು ಮುದ್ದೆ. ಥಕ್ಕೆ ಹೊಟ್ಟೆಯಲ್ಲಿ ಚುಕ್ಕೆಯೂ ಬೇಕು, ಕೆಳಗೆ ಸೀಳೂ ಬೇಕು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಆ ಸೀಳು ಮಾತ್ರ. ಕಾಗದದ ಮೇಲೆ ಪೆನ್ನಿನ ಒಂದು ಸಣ್ಣ ಎಳೆತ. ಬೋರ್ಡಿನ ಮೇಲೆ ಅದು ಒಂದೋ ಎರಡೋ ದೀಪ. ಆ ದೀಪ ಕೆಟ್ಟರೆ ಧನ ಹೋಗಿ ದನ ಬರುತ್ತದೆ. ಹಾಗಾಗಿ ಸೀಳಿಗೆ ಯಾವಾಗಲೂ ಎರಡು ದೀಪ ಇಡುತ್ತಿದ್ದೆ, ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂದು. ತಲಕಟ್ಟಿನ ಉದ್ದದಲ್ಲಿ ಬೇಕಾದರೆ ಜಿಪುಣತನ ಮಾಡಬಹುದು, ಓದುವವರು ಕೇಳುವುದಿಲ್ಲ. ಸೀಳಿನಲ್ಲಿ ಮಾಡುವ ಹಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮ ಮತ್ತು ವು. ವಕ್ಕೆ ಬಲಗಡೆ ಕೊಂಬು ಹಚ್ಚಿದರೆ ವು. ಮ ಎಂಬ ಅಕ್ಷರದ ಬಲಗಡೆ ಹುಟ್ಟಿನಿಂದಲೇ ಅಂಥದೊಂದು ಬಾಲವಿದೆ. ಚೌಕಗಳಲ್ಲಿ ಸರಳವಾಗಿ ಬರೆದರೆ ಎರಡೂ ಒಂದೇ. ‘ನಾವು’ ಹೋಗಿ ‘ನಾಮ’ವಾಗುತ್ತದೆ. ಪಕ್ಕದಲ್ಲಿ ಬೋರ್ಡ್ ಬರೆಯುವ ಪೇಂಟರ್ ಒಬ್ಬರ ಮಳಿಗೆ ಇತ್ತು. ಎಲ್‌ಇಡಿ ಬಂದು ಅವರ ಕೆಲಸಕ್ಕೆ ಪೆಟ್ಟು ಬೀಳುತ್ತಿದ್ದ ಕಾಲ. ಆದರೂ ಮಧ್ಯಾಹ್ನ ಚಹಾಕ್ಕೆ ಬಂದಾಗ ನನ್ನ ಗ್ರಾಫ್ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ದಿನ ವು ಮೇಲೆ ಬೆರಳಿಟ್ಟರು. “ತಂಗೀ, ಕೊಂಬು ಕೆಳಗ ಇಳಸು. ವದ ಪಾದದಾಗಿಂದ ಹೊಂಡಬೇಕು ಅದು. ಮೇಲ ಹೋತಂದ್ರ ಮ ಆಗ್ತೈತಿ.” ಪು, ವು ಎರಡರ ಕೊಂಬೂ ಅಚ್ಚಿನ ಅಕ್ಷರಗಳಲ್ಲಿ ಗೆರೆಗಿಂತ ಕೆಳಕ್ಕೆ ಜಾರಿ ನಿಲ್ಲುವುದನ್ನು ಅಲ್ಲಿಯವರೆಗೆ ದಿನವೂ ನೋಡುತ್ತಿದ್ದೆ, ಕಾರಣ ಯೋಚಿಸಿರಲಿಲ್ಲ. ಕುಂಚ ಹಿಡಿದ ಅವರ ಕೈಗೆ ಅದು ಎಂದಿನಿಂದಲೋ ಗೊತ್ತಿತ್ತು. ಕೊಂಬು ಇಳಿಸಲು ಎರಡು ಸಾಲು ಬೇಕು. ಅವು ಒತ್ತಿನ ಜಾಗದಿಂದ ಸಿಕ್ಕವು.

ಹೀಗೆ ಹದಿನಾರರ ಹಂಚಿಕೆ ತಾನಾಗಿ ರೂಪುಗೊಂಡಿತು. ಮೇಲೆ ತಲಕಟ್ಟು, ಗುಡಿಸು, ಏತ್ವಗಳಿಗೆ 3. ಅಕ್ಷರದ ಮೈಗೆ 7. ಮೈಗೂ ಒತ್ತಿಗೂ ನಡುವೆ ಉಸಿರಾಡಲು 1. ಒತ್ತಿಗೆ 5. ಒತ್ತಿನ ಲೋಕ ಬೇರೆಯೇ. ತ, ನ, ಮ, ಯ, ರ, ಲಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ, ಅವಕ್ಕೆ ತಮ್ಮದೇ ಚಹರೆ ಇದೆ. ಹಾಗಾಗಿ 5 ಸಾಲಿನಲ್ಲೂ ಥಟ್ಟನೆ ಗುರುತು ಸಿಗುತ್ತವೆ. ಬ, ಳ, ಡಗಳ ಒತ್ತು ಆ ಅಕ್ಷರವೇ, ತಲಕಟ್ಟು ಇದ್ದರೆ ಅದನ್ನು ಕಳಚಿ ಕುಗ್ಗಿದ್ದು. ಕುಗ್ಗಿಸುವುದು ಅಲ್ಲೇ ಕಷ್ಟ. ಮೊದಲ ದೊಡ್ಡ ಗಿರಾಕಿ ಬಟ್ಟೆ ವ್ಯಾಪಾರಿಗಳು, ಅವರ ಬೋರ್ಡಿಗೆ ‘ವಸ್ತ್ರ’ ಬೇಕು. ಸಕ್ಕೆ ತ ಒತ್ತು, ಅದರ ಮೇಲೆ ರ ಒತ್ತು. ಒಂದರ ಕೆಳಗೊಂದು ಇಡಲು ಜಾಗವಿಲ್ಲ. ರ ಒತ್ತನ್ನು ತ ಒತ್ತಿನ ಬಲಕ್ಕೆ ಸರಿಸಿ, ಅದರ ಬಾಲವನ್ನು ಎಡಕ್ಕೆ ಎಳೆದೆ. ಅಗಲ ಹೆಚ್ಚಾಯಿತು, ಎತ್ತರ ಹಾಗೇ ಉಳಿಯಿತು. ಓಡುವ ಬೋರ್ಡಿನಲ್ಲಿ ಅಗಲಕ್ಕೆ ಬಡತನವಿಲ್ಲ, ಅಕ್ಷರ ಬರುತ್ತಲೇ ಇರುತ್ತದಲ್ಲ. ಸಂಜೆ ಹೊತ್ತು ಆ ಬೋರ್ಡು ಹೊತ್ತಿಕೊಂಡಾಗ ಬಸ್ಸಿಗೆ ನಿಂತ ಮುದುಕರೊಬ್ಬರು ತಡವರಿಸದೆ ‘ವಸ್ತ್ರ ಮಳಿಗೆ’ ಎಂದು ಗಟ್ಟಿಯಾಗಿ ಓದಿದ್ದು ನನಗೆ ಸಿಕ್ಕ ದೊಡ್ಡ ಸಂಬಳ.

ಮನೆಗೆ ತಂದ ಗ್ರಾಫ್ ಹಾಳೆಗಳನ್ನು ಅವ್ವ ನೋಡಿದ್ದು ಆ ದಿನಗಳಲ್ಲೇ. ಅವ್ವ ಕಸೂತಿ ಹಾಕುತ್ತಿದ್ದಳು, ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ. ಕಸೂತಿಗೆ ಬಟ್ಟೆಯ ಮೇಲೆ ಗೀಚಿಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ನಡೆಯುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಅದರಲ್ಲಿ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ನನ್ನ ಅ ಅಕ್ಷರದ ಡೊಂಕು ಎಲ್ಲಿ ಮುರಿದ ಹಾಗೆ ಕಾಣುತ್ತಿತ್ತೋ ಅಲ್ಲಿಗೇ ಅವಳ ಕಣ್ಣು ಹೋಯಿತು. “ಒಂದ ಎಳಿ, ಒಂದ ಎಳಿ ಹಿಂಗ ಏರಿದ್ರ ಅದು ಮುರ್ಗಿ ಆತು, ನೆಟ್ಟಗ ಹೋಗ್ತೈತಿ. ಡೊಂಕು ಬೇಕಾದ್ರ ಮೊದಲ ಮೂರು, ಆಮ್ಯಾಲ ಎರಡು, ಆಮ್ಯಾಲ ಒಂದು.” ಗೋಪುರದ ಕಮಾನನ್ನು ಅವಳು ತಿರುಗಿಸುತ್ತಿದ್ದದ್ದು ಹಾಗೆ. ಕನ್ನಡದ ಮೈಯೆಲ್ಲ ಡೊಂಕು. ಚೌಕದಲ್ಲಿ ಡೊಂಕನ್ನು ಕೂರಿಸುವ ವಿದ್ಯೆ ಯಾವ ತಾಂತ್ರಿಕ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಮೂರು, ಎರಡು, ಒಂದು. ಒಂದು, ಎರಡು, ಮೂರು. ಅಂದಿನಿಂದ ನನ್ನ ಎಲ್ಲ ಸುತ್ತುಗಳೂ ಆ ಲೆಕ್ಕದಲ್ಲೇ ಇವೆ.

1984ರ ಮೆಕಿಂಟೋಷ್ ಕಂಪ್ಯೂಟರಿಗೆ ಚುಕ್ಕೆಯ ಅಕ್ಷರಗಳನ್ನೂ ಚಿತ್ರಗಳನ್ನೂ ಬರೆದ ಸೂಸಾನ್ ಕೇರ್ ಬಗ್ಗೆ ಮುಂದೆ ಓದಿದೆ. ಕಂಪ್ಯೂಟರ್ ಮುಟ್ಟುವ ಮೊದಲು ಅವರೂ ಚೌಕದ ಹಾಳೆ ಕೊಂಡು ಶುರು ಮಾಡಿದವರು. ಮೊಸಾಯಿಕ್ಕನ್ನೂ ದಾರದ ಕಸೂತಿಯನ್ನೂ ಮಾಡಿ ಗೊತ್ತಿದ್ದರಿಂದ ಚುಕ್ಕೆಯ ಕೆಲಸ ಹೊಸದೆನಿಸಲಿಲ್ಲ ಎಂದು ಹೇಳಿದ್ದಾರೆ. ಅವರು ಬರೆದ ‘ಷಿಕಾಗೊ’ ಅಕ್ಷರ 2001ರ ಮೊದಲ ಐಪಾಡ್‌ವರೆಗೂ ಬಾಳಿತು. ಅವ್ವನಿಗೆ ಇದನ್ನು ಓದಿ ಹೇಳಿದಾಗ ಅವಳು ತಲೆ ಎತ್ತದೆ, “ಮತ್ತ? ಎಳಿ ಎಣಸಾಕ ಬಂದವ್ರಿಗೆ ಎಲ್ಲಾ ಬರತೈತಿ” ಎಂದಳು.

ಅದೇ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಕನ್ನಡದ ತುಂಗಾ ಫಾಂಟಿನೊಂದಿಗೆ ಬಂತು. ಬರಹ, ನುಡಿ ತಂತ್ರಾಂಶಗಳು ಮನೆ ಮನೆಗೆ, ಕಚೇರಿಗೆ ಹೋದವು. ನಯವಾದ ಅಂಚಿನ ಅಕ್ಷರಗಳು ಎಲ್ಲೆಡೆ ತುಂಬಿದವು, ಒಳ್ಳೆಯದೇ ಆಯಿತು. ಬೋರ್ಡಿನ ಲೋಕದಲ್ಲಿ ಮಾತ್ರ ಆದದ್ದು ನನಗೆ ಸಮಾಧಾನ ತರಲಿಲ್ಲ. ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ತಂತ್ರಾಂಶವೇ ಚುಕ್ಕೆಗೆ ಇಳಿಸುತ್ತದೆ. ಪುಸ್ತಕದ ಅಕ್ಷರವನ್ನು 16 ಸಾಲಿಗೆ ಹಿಂಡಿದಾಗ ಅದಕ್ಕೆ ಠದ ಚುಕ್ಕೆಯೂ ಒಂದೇ, ತಲಕಟ್ಟಿನ ತುದಿಯೂ ಒಂದೇ; ಯಾವುದನ್ನು ಉಳಿಸಬೇಕೆಂಬ ವಿವೇಕ ಅದಕ್ಕಿಲ್ಲ. ಒತ್ತು ಮೈಗೆ ಅಂಟುತ್ತದೆ, ಸೀಳು ಕರಗುತ್ತದೆ. ಬಸ್ಸಿನ ಹಣೆಯ ಮೇಲೆ ಅಂಥ ಅಕ್ಷರ ಕಂಡಾಗ ಅದರ ಯಾವ ನಾಲ್ಕು ಚುಕ್ಕೆ ಆರಿಸಿ ಯಾವ ಎರಡು ಹೊತ್ತಿಸಿದರೆ ಸರಿಹೋದೀತೆಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ.

ಕೆಲವು ವರ್ಷಗಳ ಹಿಂದೆ ಇಬ್ಬರು ಹುಡುಗರು ಹುಡುಕಿಕೊಂಡು ಬಂದರು. ಹಳೇ ಕಾಲದ ಕಳೆಯ ಆಟವೊಂದನ್ನು ಕನ್ನಡದಲ್ಲೇ ಮಾಡುತ್ತಿದ್ದರು. ಇಂಗ್ಲಿಷಿಗೆ ಪ್ರೆಸ್ ಸ್ಟಾರ್ಟ್ ಇದೆ, ಅದಕ್ಕೆ ಜೊತೆಯಾಗುವ ಕನ್ನಡ ಬೇಕು, ಅದೂ 8 ಸಾಲಿನಲ್ಲಿ. “ಅಕ್ಕಾ, 8 ಸಾಲು ಇದ್ರೇನೇ ರೆಟ್ರೊ ಅನ್ಸೋದು” ಎಂದ ಬೆಂಗಳೂರಿನ ಹುಡುಗ. ನಾನು ಒಪ್ಪಲಿಲ್ಲ. ಎಂಟು ಸಾಲು ಅಮೆರಿಕದ, ಜಪಾನಿನ ಆಟದ ಯಂತ್ರಗಳ ನೆನಪು. ಕನ್ನಡ ಅಲ್ಲಿ ಇರಲೇ ಇಲ್ಲ. ಕನ್ನಡವೂ ಚುಕ್ಕೆಗಳಲ್ಲಿ ಬದುಕಿದ ಕಾಲವೊಂದಿದೆ: ಬ್ಯಾಂಕಿನ ಟೋಕನ್ ಬೋರ್ಡಿನಲ್ಲಿ, ರೈಲು ನಿಲ್ದಾಣದಲ್ಲಿ, ಬಸ್ಸಿನ ಹಣೆಯಲ್ಲಿ, ಕಿರಗುಟ್ಟುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಬಿಲ್ಲಿನಲ್ಲಿ. ನಮ್ಮ ಹಳೆಯ ಕಾಲ ಅದು, ಅದರ ಅಳತೆ ಹದಿನಾರು. ಯುನಿಕೋಡಿನ ಅಕ್ಷರಗಳಿಗೆಲ್ಲ ಚುಕ್ಕೆರೂಪ ಕೊಡಲೆಂದು 1998ರಲ್ಲಿ ರೋಮನ್ ಚಿಬೋರಾ ಆರಂಭಿಸಿದ ಯುನಿಫಾಂಟ್ ಕೂಡ ಎಲ್ಲ ಲಿಪಿಗೂ ಸಮನಾಗಿ 16 ಸಾಲು ಕೊಟ್ಟಿದೆ. ಗ್ರಾಫ್ ಹಾಳೆಗಳನ್ನು ತೆಗೆದು ಹುಡುಗರ ಮುಂದೆ ಹರಡಿದೆ. ಅವರು ಅವುಗಳ ಮೇಲೆ ಬಗ್ಗಿದವರು ಊಟದ ಹೊತ್ತಿನವರೆಗೂ ಏಳಲಿಲ್ಲ. ಆಮೇಲೆ ಅಳತೆಯ ಮಾತು ಬರಲಿಲ್ಲ.

ಫಾಂಟ್ ಮಾಡುವಾಗ ಪ್ರತಿ ಚುಕ್ಕೆಯನ್ನೂ ಒಂದು ಚೌಕವಾಗಿ ಬರೆದು, ಬ್ ಆದ ಮೇಲೆ ಬ ಬಂದರೆ ಎರಡನೆಯದು ಒತ್ತಾಗಿ ಕೆಳಗಿಳಿಯಬೇಕು ಎಂಬಂಥ ನಿಯಮಗಳನ್ನು ಒಳಗೇ ಸೇರಿಸಿದೆವು. ಹುಡುಗರು ಬಳಸುತ್ತಿದ್ದ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ 2023ರ ನಾಲ್ಕನೇ ಆವೃತ್ತಿಯಿಂದ ಈ ನಿಯಮಗಳನ್ನು ಪಾಲಿಸುತ್ತದೆ. ಅದಕ್ಕೂ ಮೊದಲು ಒತ್ತುಗಳೆಲ್ಲ ಬಿಡಿಬಿಡಿಯಾಗಿ ಉದುರುತ್ತಿದ್ದವು. ಫಾಂಟನ್ನು 16, 32, 48 ಹೀಗೆ ಹದಿನಾರರ ಮಗ್ಗಿಯಲ್ಲೇ ತೋರಿಸಬೇಕು. 20ಕ್ಕೆ ಹಿಗ್ಗಿಸಿದರೆ ಒಂದು ಚುಕ್ಕೆ ದಪ್ಪ, ಇನ್ನೊಂದು ತೆಳು ಆಗಿ ಸಂದುಗಳು ಮುಚ್ಚುತ್ತವೆ. ವು ಅಕ್ಷರದ ಕೊಂಬು ಪೇಂಟರ್ ತೋರಿಸಿದ ಜಾಗದಲ್ಲೇ ಇದೆ. ನಿಂತ ಗೆರೆಗೆ ಎರಡು ಚುಕ್ಕೆ ದಪ್ಪ ಕೊಡಲಿಲ್ಲ. ಆ ಕಾರಣ ಹಳೆಯ ಟಿವಿಗಳ ಜೊತೆಗೇ ಹೋಯಿತು, ಅಲ್ಲದೆ ಕನ್ನಡಕ್ಕೆ ನಿಂತ ಗೆರೆಗಳೇ ಕಡಿಮೆ.

ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ ಅದನ್ನು ಬಿಟ್ಟಿದ್ದೇವೆ. ಹಳಗನ್ನಡ ಪಾಠ ಮಾಡುವ ಮೇಷ್ಟ್ರೊಬ್ಬರು ಮಕ್ಕಳಿಗೆ ಪದದಾಟ ಮಾಡಬೇಕೆಂದು ಱ, ೞ ಎರಡನ್ನೂ ಕೇಳಿದ್ದಾರೆ. ೞ 7 ಸಾಲಿನ ಮೈಯಲ್ಲಿ ಸಲೀಸಾಗಿ ಕೂತಿತು. ಱ ಇನ್ನೂ ಹಾಳೆಯ ಮೇಲಿದೆ, ಅದರ ನಡುವಿನ ಗೆರೆಗೆ ಸಂದು ಸಾಲುತ್ತಿಲ್ಲ. ಅಗಲದಲ್ಲಿ ಒಂದು ಚೌಕ ಹೆಚ್ಚು ಕೊಟ್ಟು ನೋಡುತ್ತಿದ್ದೇನೆ.